ಮಲಗಿದವರ ಲೋಟ

ಪುಣೆ
6 ನವೆಂಬರ್ 2000

ಗಿರಿಜಾಬಾಯಿಯವರಿಗೆ,

ನಾನು ಕುಮುದಾ, ಜುಲೈವರೆಗೆ ಡಿಸೈನ್ ಕಂಪನಿಯ ಹೈದರಾಬಾದ್ ಆಫೀಸಿನಲ್ಲಿದ್ದವಳು. ಶಾಂತಪ್ಪನವರು ಮಾಡಿದ ಮರದ ಮಾದರಿಗಳನ್ನು ಒಯ್ಯಲು ಮಲ್ಕಾಜ್‌ಗಿರಿಯ ನಿಮ್ಮ ಮನೆಗೆ ನಾಲ್ಕೈದು ಸಲ ಬಂದಿದ್ದೆ. ಕೊನೆಯ ಸಲ ಬಂದಾಗ ಅವರು ಪಾರ್ಶ್ವವಾಯುವಾಗಿ ಮಂಚದ ಮೇಲಿದ್ದರು. ಮಿಕ್ಸರಿನ ಹಿಡಿಕೆಯ ಮಾದರಿಯನ್ನು ನೀವೇ ಕೆತ್ತಿ, ಉಜ್ಜಿ, ಮುಗಿಸಿ ಕೊಟ್ಟಿರಿ. ಆಫೀಸಿನಲ್ಲಿ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ನನಗೆ ತಿಳಿಯಿತು. ನಿಮ್ಮದು ಅಂಗೈಯಲ್ಲಿ ಇನ್ನೂ ಚೆನ್ನಾಗಿ ಕೂರುತ್ತಿತ್ತು. ಈ ಸಾಲನ್ನು ಅವರಿಗೆ ಓದಿ ಹೇಳಬೇಡಿ.

ಈಗ ವಿಷಯ. ಮಲಗಿದಲ್ಲೇ ಇರುವ ರೋಗಿಗಳು ನೀರು ಕುಡಿಯಲು ಒಂದು ಲೋಟ ಮಾಡಿಕೊಡಲು ನಮ್ಮ ಕಂಪನಿ ಒಪ್ಪಿಕೊಂಡಿದೆ. ಇಲ್ಲಿ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಮುಗಿಸುವ ಉಮೇದು. ಪರದೆಯ ಮೇಲೆ ಲೋಟ ತಿರುಗುತ್ತದೆ, ಹೊಳೆಯುತ್ತದೆ, ನೋಡಿದವರೆಲ್ಲ ತಲೆದೂಗುತ್ತಾರೆ. ನಮ್ಮ ಮುಖ್ಯಸ್ಥರು ವಿನಾಯಕ ಸರ್. ಅವರಿಗೆ ನಾನು, "ಸರ್, ಕಂಪ್ಯೂಟರಿಗೆ ಬಾಯಾರಿಕೆ ಆಗೋದಿಲ್ಲ" ಎಂದೆ. "ಹಾಗಾದರೆ ಆಗೋರನ್ನ ಹುಡುಕಮ್ಮ" ಎಂದರು. ನನಗೆ ನೆನಪಾದದ್ದು ನಿಮ್ಮ ಮನೆ. ಮಾದರಿ ಮಾಡುವ ಕೈಯೂ ಅಲ್ಲೇ ಇದೆ, ಕುಡಿದು ನೋಡುವ ರೋಗಿಯೂ ಅಲ್ಲೇ ಇದ್ದಾರೆ. ಆ ಕಾರಣಕ್ಕೇ ಸರ್ ಈ ಕೆಲಸವನ್ನು ಹೊರಗೆ ಕೊಡಲು ಒಪ್ಪಿದ್ದು.

ಡಬ್ಬಿಯಲ್ಲಿ ನಕ್ಷೆ, ಥರ್ಮೋಕೋಲ್, ಖಾಲಿ ಹಾಳೆಗಳು ಇವೆ. ನೀವು ಮಾದರಿ ಮಾಡಿ, ಶಾಂತಪ್ಪನವರಿಗೆ ಅದರಿಂದ ಕುಡಿಸಿ, ಹಾಳೆ ತುಂಬಿ, ಎರಡನ್ನೂ ಇದೇ ಡಬ್ಬಿಯಲ್ಲಿ ಕೊರಿಯರ್ ಮಾಡಿ. ಹಾಳೆಯಲ್ಲಿ ಐದು ಕಾಲಂ ಇವೆ: ದಿನಾಂಕ, ಕುಡಿದವರ ಹೆಸರು, ಎಷ್ಟು ಕುಡಿದರು, ಎಷ್ಟು ಚೆಲ್ಲಿತು, ಕೆಮ್ಮು ಬಂತೇ. ನನ್ನ ನಕ್ಷೆ ತಪ್ಪಿದ್ದರೆ ತಪ್ಪು ಎಂದೇ ಬರೆಯಿರಿ.

ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಕುಮುದಾ


ಮಲ್ಕಾಜ್‌ಗಿರಿ
14 ನವೆಂಬರ್ 2000
(ಡೈರಿಯಲ್ಲಿ ಬರೆದದ್ದು. ಕಳಿಸಲಿಲ್ಲ.)

ಕುಮುದಾ ಮೇಡಂ ಅವರಿಗೆ,

ನಿಮ್ಮ ಡಬ್ಬಿ ಶುಕ್ರವಾರ ಬಂತು. ನಮ್ಮ ಮನೆಯವರು ಅಕ್ಟೋಬರ್ 19ಕ್ಕೆ ತೀರಿಕೊಂಡರು. ಬೆಳಿಗ್ಗೆ ಎಂಟಕ್ಕೆ. ನಿಮ್ಮ ಆಫೀಸಿಗೆ ತಿಳಿಸಲು ಹೋದೆ. ಅಲ್ಲಿ ಈಗ ಕಂಪ್ಯೂಟರ್ ಕ್ಲಾಸು ನಡೆಯುತ್ತದೆ. ಬಾಗಿಲಲ್ಲಿ ನಲವತ್ತು ಜೋಡಿ ಚಪ್ಪಲಿ ಇದ್ದವು. ಯಾರನ್ನು ಕೇಳುವುದು ತಿಳಿಯದೆ ವಾಪಸು ಬಂದೆ.

ಇಷ್ಟು ಬರೆಯಲು ನಾಲ್ಕು ದಿನ ಹಿಡಿಯಿತು. ನಾನು ಹುಮನಾಬಾದಿನಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು. ಇವರಿಗೆ ಲಕ್ವಾ ಹೊಡೆದಾಗ ಡಾಕ್ಟರು, ಏನು ತಿಂದರು, ಏನು ಕುಡಿದರು ದಿನಾ ಬರೆದಿಡಿ ಎಂದರು. ಹದಿನೇಳು ತಿಂಗಳು ಬರೆದೆ. ಅವರು ಹೋದ ಮೇಲೂ ಡೈರಿ ತೆಗೆಯುತ್ತೇನೆ. ನಿನ್ನೆ ಬರೆದದ್ದು ಇಷ್ಟು: ನಳ ಬಂತು. ಎರಡು ಕೊಡ ತುಂಬಿದೆ.

ನಿಮ್ಮ ನಕ್ಷೆ ತಪ್ಪಿದೆ. ಲೋಟಕ್ಕೆ ಉದ್ದ ಮೂತಿ ಇಟ್ಟಿದ್ದೀರಿ. ಅದನ್ನು ಬಾಯಿಗಿಟ್ಟು ಎತ್ತಿದರೆ ತಲೆ ಹಿಂದಕ್ಕೆ ಹೋಗುತ್ತದೆ. ತಲೆ ಹಿಂದಕ್ಕೆ ಹೋದರೆ ನೀರು ದಾರಿ ತಪ್ಪಿ ನೆತ್ತಿಗೇರುತ್ತದೆ. ಇದು ನನಗೆ ಗೊತ್ತು. ಗೊತ್ತಿರುವುದನ್ನು ಈಗ ಎಲ್ಲಿ ಇಡಲಿ? ರೋಗಿ ಇದ್ದಾರೆಂದೇ ಕೆಲಸ ಕೊಟ್ಟಿದ್ದು ಎಂದು ಬರೆದಿದ್ದೀರಿ. ಇಲ್ಲ ಎಂದು ಬರೆದರೆ ಡಬ್ಬಿ ವಾಪಸು ಕಳಿಸಬೇಕು.

ಮಧ್ಯಾಹ್ನ ಅವರ ಮಂಚದ ಮೇಲೆ ದಿಂಬಿಗೆ ಒರಗಿ, ಬಲಗೆನ್ನೆಯೊಳಗೆ ಹತ್ತಿಯ ಉಂಡೆ ಇಟ್ಟುಕೊಂಡು, ಅರ್ಧ ಬಾಯಲ್ಲಿ ನೀರು ಕುಡಿದು ನೋಡಿದೆ. ಸೀರೆ ತೊಯ್ದಿತು. ಇವರಿಗೆ ಆಗುತ್ತಿದ್ದ ಹಾಗೆಯೇ.


ಮಲ್ಕಾಜ್‌ಗಿರಿ
16 ನವೆಂಬರ್ 2000

ಕುಮುದಾ ಮೇಡಂ ಅವರಿಗೆ,

ಡಬ್ಬಿ ತಲುಪಿತು. ನಾಲ್ಕು ಮಾದರಿ ಕಳಿಸಿದ್ದೇನೆ. ಮೂರು ಥರ್ಮೋಕೋಲಿನವು, ಗಾತ್ರ ನೋಡಲಿಕ್ಕೆ. ನಾಲ್ಕನೆಯದು ಪ್ಲಾಸ್ಟಿಕ್ ಗ್ಲಾಸು. ಅದಕ್ಕೆ ಮೂತಿ ಇಲ್ಲ. ತುಟಿ ಇಡುವ ಅಂಚಿನ ಎದುರು ಅಂಚನ್ನು ಕಾಯಿಸಿದ ಬ್ಲೇಡಿನಿಂದ ಅರ್ಧಚಂದ್ರದ ಹಾಗೆ ಕತ್ತರಿಸಿದ್ದೇನೆ. ಗ್ಲಾಸು ಎತ್ತಿದಾಗ ಮೂಗು ಆ ಜಾಗದಲ್ಲಿ ಹೋಗುತ್ತದೆ. ತಲೆ ನೆಟ್ಟಗೆ ಇರುತ್ತದೆ. ಮೂತಿ ಇದ್ದರೆ ತಲೆ ಹಿಂದಕ್ಕೆ ಬೀಳುತ್ತದೆ, ಅದು ಒಳ್ಳೆಯದಲ್ಲ.

ಹಾಳೆ ತುಂಬಿದ್ದೇನೆ. ಅರ್ಧ ಗ್ಲಾಸು ಹೋಯಿತು. ಎರಡು ಚಮಚ ಚೆಲ್ಲಿತು. ಕೆಮ್ಮು ಬರಲಿಲ್ಲ.

ನಿಮ್ಮ ನಮಸ್ಕಾರ ತಿಳಿಸಿದ್ದೇನೆ.

ಗಿರಿಜಾಬಾಯಿ


ಪುಣೆ
2 ಡಿಸೆಂಬರ್ 2000

ಗಿರಿಜಾಬಾಯಿಯವರಿಗೆ,

ನಿಮ್ಮ ಕತ್ತರಿಸಿದ ಗ್ಲಾಸನ್ನು ಮೀಟಿಂಗಿನಲ್ಲಿ ಮೇಜಿನ ಮೇಲಿಟ್ಟೆ. ಒಬ್ಬರು, ಇದನ್ನು ಇಲಿ ಕಡಿದಿದೆಯೇ ಎಂದು ಕೇಳಿದರು. ನಾನು ನೀರು ತುಂಬಿ ಅವರ ಕೈಗೇ ಕೊಟ್ಟು, "ತಲೆ ಎತ್ತದೆ ಕುಡೀರಿ" ಎಂದೆ. ಕುಡಿದರು. ಆಮೇಲೆ ಮಾಮೂಲಿ ಗ್ಲಾಸಿನಲ್ಲಿ ಹಾಗೆ ಕುಡಿಯಲು ಹೋಗಿ ಟೈ ಒದ್ದೆ ಮಾಡಿಕೊಂಡರು. ನನ್ನ ಮೂತಿಯ ನಕ್ಷೆ ಕಸದ ಬುಟ್ಟಿಗೆ ಹೋಯಿತು. ಎರಡು ತಿಂಗಳ ಕೆಲಸ. ಸ್ವಲ್ಪ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ.

ಕಾಲೇಜಿನಲ್ಲಿ ನಮಗೆ ಕಲಿಸಿದ ಒಂದು ಮಾತು ಬರೆಯುತ್ತೇನೆ. ಒಂದು ಮಾದರಿ ಒಂದೇ ಪ್ರಶ್ನೆ ಕೇಳಬೇಕು. ಥರ್ಮೋಕೋಲಿನದು ಕೇಳುವುದು, ಗಾತ್ರ ಸರಿಯೇ? ನಿಮ್ಮ ಕತ್ತರಿಸಿದ ಗ್ಲಾಸು ಕೇಳಿದ್ದು, ತಲೆ ನೆಟ್ಟಗಿರುತ್ತದೆಯೇ? ಎಲ್ಲ ಪ್ರಶ್ನೆಗಳನ್ನೂ ಒಂದೇ ಮಾದರಿಗೆ ಹೊರಿಸಿದರೆ ಉತ್ತರ ಯಾವುದಕ್ಕೆ ಬಂತು ಎಂದು ತಿಳಿಯುವುದಿಲ್ಲ. ಮುಂದಿನ ಮಾದರಿ ಹಿಡಿಕೆಯದು. ಅದನ್ನು ಮರದಲ್ಲಿ ಮಾಡಿ.

ಪುಣೆಯಲ್ಲಿ ಚಳಿ ಶುರುವಾಗಿದೆ. ಶಾಂತಪ್ಪನವರಿಗೆ ಒಂದು ಮಫ್ಲರ್ ಇಟ್ಟಿದ್ದೇನೆ. ಬಣ್ಣ ಇಷ್ಟವಾಗದಿದ್ದರೆ ಕೋಪ ಮಾಡಿಕೊಳ್ಳಬಾರದು.

ಕುಮುದಾ


ಮಲ್ಕಾಜ್‌ಗಿರಿ
21 ಡಿಸೆಂಬರ್ 2000

ಕುಮುದಾ ಮೇಡಂ ಅವರಿಗೆ,

ಮಫ್ಲರ್ ಬಂತು. ಬೆಚ್ಚಗಿದೆ. ಬಣ್ಣವೂ ಚೆನ್ನಾಗಿದೆ.

ಸಾಗವಾನಿಯಲ್ಲಿ ಮಾಡಿದ ಲೋಟ ಕಳಿಸಿದ್ದೇನೆ. ಒಳಗೆ ಮೇಣ ಕರಗಿಸಿ ಸುರಿದು ಹೊರಳಿಸಿದ್ದೇನೆ, ನೀರು ಹಿಡಿಯುತ್ತದೆ. ಬಿಸಿನೀರು ಹಾಕಬೇಡಿ. ನಮ್ಮ ಮನೆಯವರು ಬಾಲಾನಗರದಲ್ಲಿ ಲೋಹದ ಎರಕ ಹೊಯ್ಯುವವರಿಗೆ ಮರದ ಪ್ಯಾಟರ್ನ್, ಅಂದರೆ ಅಚ್ಚಿನ ಮಾದರಿ, ಮಾಡುವಾಗ, ಲೋಹ ಆರಿದ ಮೇಲೆ ಕುಗ್ಗುತ್ತದೆಂದು ಕೂದಲೆಳೆಯಷ್ಟು ದೊಡ್ಡದು ಮಾಡುತ್ತಿದ್ದರು. ಪ್ಲಾಸ್ಟಿಕ್ ಎಷ್ಟು ಕುಗ್ಗುತ್ತದೆ ನೀವು ಬರೆದಿಲ್ಲ. ನಾನು ಬೇಕಾದ ಅಳತೆಗೇ ಮಾಡಿದ್ದೇನೆ. ಕುಗ್ಗುವ ಲೆಕ್ಕ ನೀವು ಸೇರಿಸಿಕೊಳ್ಳಿ.

ಹಿಡಿಕೆಯನ್ನು ಮೂಗಿನ ಕಡಿತದ ಕೆಳಗೇ ಇಟ್ಟಿದ್ದೇನೆ, ಅಂದರೆ ರೋಗಿಯ ತುಟಿಗೆ ಎದುರಾಗಿ. ಕುಡಿಸುವವರು ಎಡಕ್ಕೆ ಕೂತು ಬಲಗೈಯಲ್ಲಿ ಎತ್ತಿದರೆ ಮಣಿಕಟ್ಟು ನೋಯುವುದಿಲ್ಲ. ಇದಕ್ಕೆ ಮೊದಲು ಮೂರು ಕಡೆ ಇಟ್ಟು ನೋಡಿದೆ. ಇದೇ ಸರಿ.

ಆರು ಹಾಳೆ ಇವೆ. ಯಾವ ದಿನವೂ ಕೆಮ್ಮು ಇಲ್ಲ.

ಗಿರಿಜಾಬಾಯಿ


ಪುಣೆ
18 ಜನವರಿ 2001

ಗಿರಿಜಾಬಾಯಿಯವರಿಗೆ,

ಮೂರು ಸುದ್ದಿ.

ನಿಮ್ಮ ಮರದ ಲೋಟವನ್ನು ಅಳೆದು ಕಂಪ್ಯೂಟರಿಗೆ ಹಾಕಿದೆವು. ಇಲ್ಲಿ ಹೊಸ ಮಷೀನು ಬಂದಿದೆ. ಕಂಪ್ಯೂಟರಿನ ಚಿತ್ರವನ್ನು ಪದರ ಪದರವಾಗಿ ಕಟ್ಟುತ್ತಾ ಹೋಗಿ ವಸ್ತುವನ್ನೇ ಹೊರಗೆ ಕೊಡುತ್ತದೆ. ಸಂಜೆ ಬಟನ್ ಒತ್ತಿ ಹೋದರೆ ಬೆಳಿಗ್ಗೆ ಲೋಟ ಸಿದ್ಧ. ಒಂದನ್ನು ನಿಮಗೆ ಕಳಿಸಿದ್ದೇನೆ. ಮುಟ್ಟಿ ನೋಡಿ, ನಿಮ್ಮದೇ ಲೋಟ.

ಎರಡನೆಯದು, ಇಲ್ಲಿನ ಒಂದು ಆಸ್ಪತ್ರೆಯವರು ಕೊಳ್ಳಲು ಆಸಕ್ತಿ ತೋರಿಸಿದ್ದಾರೆ. ನಿಮ್ಮ ಹಾಳೆಗಳನ್ನು ಅಲ್ಲಿನ ಡಾಕ್ಟರರ ಮುಂದಿಟ್ಟೆ. ಮನೆಯಲ್ಲಿ ಒಬ್ಬ ರೋಗಿ ತಿಂಗಳಿಗೂ ಹೆಚ್ಚು ಕಾಲ ಕುಡಿದು ನೋಡಿದ್ದು, ಒಮ್ಮೆಯೂ ಕೆಮ್ಮಿಲ್ಲ ಎನ್ನುವುದೇ ಅವರಿಗೆ ದೊಡ್ಡ ಮಾತಾಗಿ ಕಂಡಿತು.

ಮೂರನೆಯದು, ಉಕ್ಕಿನ ಅಚ್ಚು ಕೊರೆಯುವ ದಿನ ಗೊತ್ತಾಗಿದೆ. ಮಾರ್ಚ್ 30. ಅಲ್ಲಿಂದ ಮುಂದೆ ಸಾವಿರಗಟ್ಟಲೆ ಬರುತ್ತವೆ.

ಶಾಂತಪ್ಪನವರು ಈ ಲೋಟದಿಂದ ಕುಡಿಯುವ ಒಂದು ಫೋಟೋ ಬೇಕು. ಡಾಕ್ಟರು ಕೇಳಿದ್ದಾರೆ. ಮುಖ ಪೂರ್ತಿ ಕಾಣದಿದ್ದರೂ ನಡೆಯುತ್ತದೆ.

ಕುಮುದಾ


ಮಲ್ಕಾಜ್‌ಗಿರಿ
5 ಫೆಬ್ರುವರಿ 2001

ಕುಮುದಾ ಮೇಡಂ ಅವರಿಗೆ,

ಮಷೀನಿನ ಲೋಟ ಬಂತು. ಅಂಚು ಚೂಪಾಗಿತ್ತು, ಪಾಲಿಶ್ ಕಾಗದದಿಂದ ಉಜ್ಜಿದೆ. ಅಳತೆ ಸರಿಯಿದೆ.

ಫೋಟೋ ಆಗುವುದಿಲ್ಲ. ಅವರಿಗೆ ಮೊದಲಿನಿಂದಲೂ ಫೋಟೋ ಸೇರುವುದಿಲ್ಲ.

ಹಾಳೆ ನಾಲ್ಕು ಇವೆ.

ಗಿರಿಜಾಬಾಯಿ


ಪುಣೆ
26 ಫೆಬ್ರುವರಿ 2001

ಗಿರಿಜಾಬಾಯಿಯವರಿಗೆ,

ಫೋಟೋ ಬೇಡ ಬಿಡಿ, ಕಾಯಿಲೆಯಲ್ಲಿ ಯಾರಿಗೆ ತಾನೇ ಇಷ್ಟ? ಡಾಕ್ಟರರಿಗೆ ನಾನು ಏನೋ ಹೇಳಿ ಒಪ್ಪಿಸಿದ್ದೇನೆ.

ಅಚ್ಚಿನ ಉಕ್ಕು ಬಂದಿದೆ. ಕೊರೆದ ಮೇಲೆ ಏನನ್ನೂ ಬದಲಿಸಲಾಗದು. ಹೇಳುವುದೇನಾದರೂ ಉಳಿದಿದ್ದರೆ ಮಾರ್ಚ್ 25ರೊಳಗೆ ನನಗೆ ತಲುಪಲಿ. ಏನೂ ಇಲ್ಲದಿದ್ದರೆ ಪತ್ರ ಬೇಡ. ನಿಮ್ಮ ಮೌನವನ್ನೇ ಒಪ್ಪಿಗೆ ಎಂದುಕೊಳ್ಳುತ್ತೇನೆ.

ಕುಮುದಾ


ಮಲ್ಕಾಜ್‌ಗಿರಿ
19 ಮಾರ್ಚ್ 2001
ಸ್ಪೀಡ್ ಪೋಸ್ಟ್

ಕುಮುದಾ ಮೇಡಂ ಅವರಿಗೆ,

ಅಚ್ಚು ಕೊರೆಸಬೇಡಿ. ಲೋಟ ತಪ್ಪಿದೆ. ಮೊದಲು ಇಷ್ಟನ್ನು ವಿನಾಯಕ ಸರ್ ಅವರಿಗೆ ತಿಳಿಸಿ, ಆಮೇಲೆ ಮುಂದಿನದನ್ನು ಓದಿ.

ನಮ್ಮ ಮನೆಯವರು ಹೋದ ಅಕ್ಟೋಬರ್ 19ಕ್ಕೆ ತೀರಿಕೊಂಡಿದ್ದಾರೆ. ನಿಮ್ಮ ಮೊದಲ ಪತ್ರ ಬರುವಾಗಲೇ ಅವರು ಇರಲಿಲ್ಲ. ಹನ್ನೊಂದು ಹಾಳೆಯಲ್ಲಿಯೂ ಕುಡಿದವಳು ನಾನು. ಬಲಗೆನ್ನೆಯಲ್ಲಿ ಹತ್ತಿ ಇಟ್ಟುಕೊಂಡು ಅವರ ಮಂಚದ ಮೇಲೆ ಒರಗಿ ಕುಡಿದೆ. ಕೆಮ್ಮು ಇಲ್ಲ ಎಂದು ಬರೆದದ್ದು ನನ್ನ ಗಂಟಲಿನದು. ಮೂಗಿನ ಕಡಿತದ ಮಾತು ಮಾತ್ರ ಅವರ ಮೇಲೆ ಹದಿನೇಳು ತಿಂಗಳು ನೋಡಿ ತಿಳಿದದ್ದು. ಅದು ಸುಳ್ಳಲ್ಲ.

ನಿನ್ನೆ ಆದದ್ದನ್ನು ಬರೆಯುತ್ತೇನೆ. ನಮ್ಮ ಪಕ್ಕದ ಮನೆಯ ಶೋಭಾಳ ಗಂಡ ರೈಲ್ವೆಯಲ್ಲಿದ್ದಾನೆ. ಅವಳ ಅತ್ತೆ ಗದಿಗೆಮ್ಮನವರು ಯಾದಗಿರಿ ಕಡೆಯವರು, ಅರವತ್ತೆಂಟು ವರ್ಷ. ಅವರಿಗೆ ಕಳೆದ ತಿಂಗಳು ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋಗಿವೆ. ಮಾತು ತೊದಲುತ್ತದೆ, ಬೈಗುಳ ಮಾತ್ರ ಸ್ಪಷ್ಟ. ಶೋಭಾ ಬಂದು, "ಬಾಯೀ, ನಿಮ್ಮಲ್ಲಿ ಆ ಮೂಗಿನ ಗ್ಲಾಸ್ ಐತಲ್ರಿ, ಒಂಚೂರು ಕೊಡ್ರಿ. ನಮ್ಮತ್ತಿ ಬರೇ ಮೈಮ್ಯಾಲೆ ಚೆಲ್ಕೊಳ್ಳಾಕತ್ತಾರ" ಎಂದಳು. ಮಷೀನಿನ ಲೋಟ ತೆಗೆದುಕೊಂಡು ನಾನೇ ಹೋದೆ.

ಎಡಕ್ಕೆ ಕೂತು ಎತ್ತಿ ಬಾಯಿಗೆ ಹಿಡಿದೆ. ಅವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. ನಾನು ಬೆರಳು ಬಿಡಿಸಿ ಮತ್ತೆ ಎತ್ತಿದೆ. ಬಾಯೊಳಗಿನ ನೀರನ್ನು ನನ್ನ ಮುಖಕ್ಕೇ ಉಗುಳಿದರು.

"ಥೂ! ನಾ ಏನ್ ಕೂಸೇನ? ಕೊಡ ಇಲ್ಲಿ."

"ಚೆಲ್ತೀರಿ ಅತ್ತೀ," ಎಂದಳು ಶೋಭಾ.

"ಚೆಲ್ಲಿದ್ರ ಒರಸು. ಹಂಗಾದ್ರೂ ಟೀವಿ ಮುಂದಿಂದ ಏಳ್ತೀ."

ಲೋಟ ಎಡಗೈಗೆ ತೆಗೆದುಕೊಂಡರು. ಹಿಡಿಕೆ ತುಟಿಗೆ ಎದುರಾಗಿ ಇರುವುದರಿಂದ ಕೈ ತಿರುಚಿದ ಹಾಗಾಯಿತು. ಲೋಟವನ್ನೇ ಹೊರಳಿಸಿ ಕುಡಿಯಲು ನೋಡಿದರು. ಮೂಗಿನ ಕಡಿತ ಕೆನ್ನೆಗೆ ಬಂತು, ಅದರಿಂದ ನೀರೆಲ್ಲ ಕುತ್ತಿಗೆಗೆ ಇಳಿಯಿತು. ಲೋಟ ಬೀಸಿ ಒಗೆದರು. ಮಂಚದ ಕೆಳಗೆ ಹೋಯಿತು.

"ಯಾವ ಹುಚ್ಚ ಮಾಡ್ಯಾನ ಇದನ್ನ? ಅವಗ ಕೈ ಇಲ್ಲೇನು?"

"ಮಾಡಿದವ್ರು ನಿಮ್ಮ ಮುಂದನ ಕುಂತಾರ್ರಿ," ಎಂದು ಶೋಭಾ ನಕ್ಕಳು.

ಗದಿಗೆಮ್ಮ ನನ್ನನ್ನು ನೋಡಿದರು. "ಹಂಗಾದ್ರ ಶಾಂತಪ್ಪಗ ಹಿಂಗ ಕುಡಿಸ್ತಿದ್ದೇನು? ಪಾಪ."

ಮನೆಗೆ ಬಂದು ಹಳೆಯ ಡೈರಿ ತೆಗೆದೆ. ನಿಮಗೆ ಎರಡು ದಿನದ್ದು ನಕಲು ಮಾಡುತ್ತೇನೆ. "12 ಮಾರ್ಚ್. ಬೆಳಿಗ್ಗೆ ಗಂಜಿ. ಕೈ ಹಿಡಿದರು, ಬಿಡಿಸಿದೆ. ಅರ್ಧ ಲೋಟ ಹೋಯಿತು." "3 ಜೂನ್. ಮಜ್ಜಿಗೆ. ಬಹಳ ಹೊತ್ತು ಕೈ ಹಿಡಿದರು. ಬಿಡಿಸಿ ಕುಡಿಸಿದೆ." ಇಂಥವು ಎಷ್ಟಿವೆ ಎಂದು ಎಣಿಸಲಿಲ್ಲ. ಅವರಿಗೆ ಮಾತು ಪೂರ್ತಿ ಹೋಗಿತ್ತು. ಹೆದರಿಕೆಯಿಂದ ನನ್ನ ಕೈ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಕೆಲವು ದಿನ ಪ್ರೀತಿಯಿಂದ ಎಂದೂ ಅಂದುಕೊಂಡಿದ್ದೆ. ಅವರು ಕೇಳುತ್ತಿದ್ದದ್ದು ಲೋಟ. ಎಡಗೈ ಚೆನ್ನಾಗಿಯೇ ಇತ್ತು, ಅದರಿಂದ ರೇಡಿಯೋ ಹಚ್ಚುತ್ತಿದ್ದರು. ಲೋಟ ಮಾತ್ರ ನಾನು ಕೊಡಲಿಲ್ಲ. ಚೆಲ್ಲಿದರೆ ಹಾಸಿಗೆ ಒಗೆಯಬೇಕಲ್ಲ.

ನಾನು ಮಾಡಿದ ಹಿಡಿಕೆ ಕುಡಿಸುವವರಿಗೆ. ಕುಡಿಯುವವರಿಗೆ ಹಿಡಿಕೆಯೇ ಇಲ್ಲ. ಮಂಚದ ಮೇಲೆ ಕುಡಿದು ನೋಡುವಾಗ ನನ್ನ ಮಣಿಕಟ್ಟೂ ಸೊಟ್ಟಗಾಗುತ್ತಿತ್ತು. ಆದರೂ ಅದನ್ನು ಹಾಳೆಯಲ್ಲಿ ಬರೆಯಲಿಲ್ಲ, ಅಂಥ ಕಾಲಂ ಇರಲಿಲ್ಲ.

ಕೆಲಸ ವಾಪಸು ತೆಗೆದುಕೊಳ್ಳಿ. ಅಚ್ಚು ಮಾತ್ರ ಕೊರೆಸಬೇಡಿ.

ಗಿರಿಜಾಬಾಯಿ


ಪುಣೆ
27 ಮಾರ್ಚ್ 2001

ಗಿರಿಜಾಬಾಯಿಯವರಿಗೆ,

ನಿಮ್ಮ ಪತ್ರ 23ಕ್ಕೆ ತಲುಪಿತು. ಅಚ್ಚಿನ ಕೆಲಸ ನಿಲ್ಲಿಸಲಾಗಿದೆ. ಹನ್ನೊಂದು ಹಾಳೆಗಳನ್ನು ಕಡತದಿಂದ ತೆಗೆಯಲಾಗಿದೆ. ಆಸ್ಪತ್ರೆಯವರಿಗೆ ವಿನಾಯಕ ಸರ್ ಅವರೇ ಹೋಗಿ ಹೇಳಿ ಬಂದರು. ಲೋಟದ ಕೆಲಸವನ್ನು ನನ್ನಿಂದ ತೆಗೆದು ಬೇರೆಯವರಿಗೆ ಕೊಟ್ಟಿದ್ದಾರೆ. ಹೊರಗಿನಿಂದ ಮಾದರಿ ಮಾಡಿಸುವುದು ಇನ್ನು ಬೇಡ, ಮಷೀನು ಸಾಕು ಎಂದು ತೀರ್ಮಾನವಾಗಿದೆ.

ನಿಮ್ಮ ಬಳಿಯಿರುವ ಮಷೀನಿನ ಲೋಟವನ್ನು ಹಿಂದಿರುಗಿಸಿ.

ಕುಮುದಾ


ಮಲ್ಕಾಜ್‌ಗಿರಿ
20 ಏಪ್ರಿಲ್ 2001

ಕುಮುದಾ ಮೇಡಂ ಅವರಿಗೆ,

ಮಷೀನಿನ ಲೋಟ ವಾಪಸು ಕಳಿಸಿದ್ದೇನೆ. ಗದಿಗೆಮ್ಮನವರು ಬೀಸಿ ಒಗೆದಾಗ ಅಂಚಿನಲ್ಲಿ ಒಂದು ಚಕ್ಕೆ ಹೋಗಿದೆ.

ಅದರ ಜೊತೆಗೆ ಒಂದು ಮರದ ಲೋಟ ಇದೆ. ಇದನ್ನು ನೀವು ಕೇಳಿಲ್ಲ. ಗದಿಗೆಮ್ಮನವರಿಗಾಗಿ ಮಾಡಿದ್ದು, ಎರಡು ಮಾಡಿದೆ. ನೋಡುವುದು ಬಿಡುವುದು ನಿಮಗೆ ಸೇರಿದ್ದು.

ಈ ಸಲ ಹಿಡಿಕೆಯನ್ನು ನಾನು ಯೋಚಿಸಲಿಲ್ಲ. ಜೇಡಿಮಣ್ಣು ಹದ ಮಾಡಿ ಉಂಡೆಯನ್ನು ಗದಿಗೆಮ್ಮನವರ ಎಡಗೈಗೆ ಕೊಟ್ಟು, ಲೋಟ ಎಂದುಕೊಂಡು ಹಿಡಿಯಿರಿ ಎಂದೆ. "ಇದೇನು ರೊಟ್ಟಿ ಬಡೀಲೇನ?" ಎಂದರು. ಮೂರು ದಿನ ಬೆಳಿಗ್ಗೆ ಸಂಜೆ ಕೊಟ್ಟೆ. ಬೆಳಿಗ್ಗೆ ಬೆರಳು ಬಿಗಿ, ಸಂಜೆ ಸಡಿಲ. ಸಂಜೆಯದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದೆ. ಅದನ್ನು ನೋಡಿ ಮರದಲ್ಲಿ ಕೆತ್ತಿದೆ. ಹಿಡಿಕೆ ಈಗ ಪಕ್ಕಕ್ಕೆ ಬಂದಿದೆ. ಕೆಳಗೆ ತೆರೆದೇ ಇದೆ, ನಾಲ್ಕು ಬೆರಳು ಕೆಳಗಿನಿಂದ ಜಾರಿ ಒಳಗೆ ಹೋಗುತ್ತವೆ. ಹಿಸುಕಿ ಹಿಡಿಯಬೇಕಾಗಿಲ್ಲ, ಲೋಟ ಕೈಗೆ ತೂಗುಬೀಳುತ್ತದೆ. ಬುಡ ಅಗಲ ಮಾಡಿದೆ. ಎಡಗೈಯವರಿಗೆ ಒಂದು, ಬಲಗೈಯವರಿಗೆ ಇನ್ನೊಂದು ಅಚ್ಚು ಬೇಕಾದೀತು.

ರೈಲ್ವೆ ಕ್ವಾರ್ಟರ್ಸಿನಲ್ಲಿ ಗಾರ್ಡ್ ಆಗಿದ್ದ ಸೋಮಣ್ಣನವರು ಇದ್ದಾರೆ. ಅವರಿಗೂ ಲಕ್ವಾ, ಎಡಗೈ ಒಂದೇ ಆಡುತ್ತದೆ. ಅವರಿಗೂ ಕೊಟ್ಟು ನೋಡಿದೆ.

ಹಾಳೆ ನಿಮ್ಮದು ಮುಗಿದಿತ್ತು, ನೋಟುಬುಕ್ಕಿನ ಹಾಳೆಯಲ್ಲಿ ಗೆರೆ ಹಾಕಿದೆ. ಒಂದು ಕಾಲಂ ಹೆಚ್ಚಿಗೆ ಹಾಕಿದ್ದೇನೆ: ಹಿಡಿದವರು. ಗದಿಗೆಮ್ಮನವರು ಮೊದಲ ದಿನ ಅರ್ಧಕ್ಕರ್ಧ ಚೆಲ್ಲಿದರು. ಐದನೆಯ ದಿನ ಎರಡು ಚಮಚ. ಕೆಮ್ಮು ಎರಡು ದಿನ ಬಂತು. ಎರಡು ಸಲವೂ ಕುಡಿಯುತ್ತಾ ಶೋಭಾಳನ್ನು ಬೈಯುತ್ತಿದ್ದರು. ಸೋಮಣ್ಣನವರು ಬರೀ ನೀರು ಒಲ್ಲೆ ಎಂದರು. ಚಾ ಹಾಕಿದೆ. ಮೇಣ ಕರಗಿತು, ಚಾ ಕೆಟ್ಟಿತು. ಅದನ್ನೂ ಬರೆದಿದ್ದೇನೆ.

ನಂಬದಿದ್ದರೆ ತಪ್ಪಿಲ್ಲ.

ಗಿರಿಜಾಬಾಯಿ


ಪುಣೆ
10 ಮೇ 2001

ಗಿರಿಜಕ್ಕನಿಗೆ,

ಮಾರ್ಚಿನಲ್ಲಿ ಬರೆದ ಪತ್ರದ ನಕಲು ನನ್ನ ಬಳಿ ಇಲ್ಲ, ಆದರೆ ಅದರಲ್ಲಿ ಶಾಂತಪ್ಪನವರ ಬಗ್ಗೆ ಒಂದು ಸಾಲೂ ಇರಲಿಲ್ಲ ಎಂದು ನೆನಪಿದೆ. ಸಿಟ್ಟಿನಲ್ಲಿ ಬರೆದೆ. ಅವರು ಹೋದದ್ದು ನನಗೆ ನಿಜವಾಗಿ ತಿಳಿದದ್ದು ನಿಮ್ಮ ಡಬ್ಬಿ ಬಿಚ್ಚಿದ ದಿನ. ಲೋಟದ ಮೇಲೆ ಅವರ ಉಳಿಯ ಗುರುತು ಹುಡುಕುತ್ತಿದ್ದೆ.

ನನ್ನದೂ ಒಂದು ಇದೆ. ಫೆಬ್ರುವರಿಯಲ್ಲಿ ಡಾಕ್ಟರು, "ನೀವು ಆ ರೋಗಿಯನ್ನು ನೋಡಿದ್ದೀರಾ?" ಎಂದು ಕೇಳಿದ್ದರು. ನೋಡಿದ್ದೇನೆ, ಈ ಲೋಟದಿಂದಲೇ ಕುಡಿಯುವುದನ್ನು ಕಣ್ಣಾರೆ ನೋಡಿದ್ದೇನೆ ಎಂದುಬಿಟ್ಟೆ. ಫೋಟೋ ಇಲ್ಲದೆ ಅವರು ಒಪ್ಪಿದ್ದು ಆ ಮಾತಿನ ಮೇಲೆ. ನಿಮ್ಮ ಪತ್ರ ಬಂದಾಗ ನನಗೆ ಸಿಟ್ಟು ಬಂದದ್ದು ನೀವು ಸುಳ್ಳು ಬರೆದಿರಿ ಎಂದಲ್ಲ, ನನ್ನ ಸುಳ್ಳು ಹೊರಬಿತ್ತು ಎಂದು. ಇದನ್ನು ವಿನಾಯಕ ಸರ್ ಅವರಿಗೂ ಹೇಳಿದ್ದೇನೆ. ಅವರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಆ ವಾರ ನಿಮ್ಮ ಲೋಟ ನನ್ನ ಮೇಜಿನ ಮೇಲೆ ಇತ್ತು. ಎಂಟನೆಯ ದಿನ ಸರ್ ಬಂದು, ಎಡಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿಕೊಂಡು ಹಿಡಿದರು. "ಇದನ್ನ ಯಾವ ಮಷೀನು ಯೋಚನೆ ಮಾಡ್ತು?" ಎಂದರು. ನೋಟುಬುಕ್ಕಿನ ಹಾಳೆ ತೋರಿಸಿದೆ. ಕೆಮ್ಮು ಬಂತು ಎಂದು ಬರೆದ ಸಾಲಿನ ಮೇಲೆ ಬೆರಳಿಟ್ಟು, "ಇದು ಹಾಳೆ" ಎಂದರು.

ಈಗ ನಮ್ಮ ಹಾಳೆಯಲ್ಲಿ ಆರು ಕಾಲಂ. ಇನ್ನು ಮುಂದೆ ಯಾವ ಹಾಳೆಗೂ ನಮ್ಮವರೊಬ್ಬರು ಎದುರಿಗಿದ್ದು ಸಹಿ ಹಾಕಬೇಕು. ಸರ್ ಮತ್ತು ನಾನು ಮೇ 21, ಸೋಮವಾರ ಹೈದರಾಬಾದಿಗೆ ಬರುತ್ತೇವೆ. ಗದಿಗೆಮ್ಮನವರು, ಸೋಮಣ್ಣನವರು ಒಪ್ಪಿದರೆ ನೋಡುತ್ತೇವೆ. ಅವರಿಗೆ ಏನನ್ನೂ ಹೇಳಿಕೊಡಬೇಡಿ. ಅಚ್ಚು ಯಾವಾಗ ಎಂದು ಅವರು ಕುಡಿದ ಮೇಲೆ ಗೊತ್ತು ಮಾಡೋಣ.

ಕುಮುದಾ


ಮಲ್ಕಾಜ್‌ಗಿರಿ
16 ಮೇ 2001

ಕುಮುದಾ ಅವರಿಗೆ,

ಸೋಮವಾರ ಬನ್ನಿ. ಸ್ಟೇಷನ್ನಿನಿಂದ ಬರುವಾಗ ಹಳೆಯ ದಾರಿ ಬೇಡ, ಅಗೆದಿದ್ದಾರೆ. ಹಿಟ್ಟಿನ ಗಿರಣಿ ಕಡೆಯಿಂದ ಬನ್ನಿ. ಗದಿಗೆಮ್ಮನವರಿಗೆ ಪುಣೆಯಿಂದ ಸಾಹೇಬರು ಬರುತ್ತಾರೆ ಎಂದೆ. "ಬರಲಿ, ನನ್ನ ನೋಡಾಕ ಬರೋರು ಬರೇ ಕೈ ಬೀಸ್ಕೊಂಡು ಬರಬಾರದಂತ ಹೇಳು" ಎಂದರು. ಅವರಿಗೆ ಪೇಢೆ ಇಷ್ಟ, ಆದರೆ ಶೋಭಾ ತಿನ್ನಗೊಡುವುದಿಲ್ಲ. ಹೇಳಿಕೊಡಲು ನಾನು ಏನೂ ಹೋಗಿಲ್ಲ, ಹೋದರೂ ಅವರು ಕೇಳುವವರಲ್ಲ. ಸೋಮಣ್ಣನವರು ಚಾ ಇದ್ದರೆ ಮಾತ್ರ ಬರುತ್ತೇನೆ ಎಂದಿದ್ದಾರೆ. ಅವರ ಲೋಟದೊಳಗೆ ಈ ಸಲ ಮೇಣ ಹಾಕಿಲ್ಲ, ಸ್ಟೀಲಿನ ಬಟ್ಟಲು ಕೂರಿಸಿದ್ದೇನೆ.

ನೀವು ಕಳಿಸಿದ ಆರು ಕಾಲಂನ ಹಾಳೆ ಬಂತು. ಹಳೆಯ ಹನ್ನೊಂದು ಹಾಳೆ ತೆಗೆದುಹಾಕಿದ್ದೀರಿ, ಅದು ಸರಿ. ಆದರೆ ಹದಿನೇಳು ತಿಂಗಳು ಒಬ್ಬರು ನಿಜವಾಗಿ ಕುಡಿದಿದ್ದಾರೆ. ಅದು ಯಾವ ಹಾಳೆಯಲ್ಲೂ ಇಲ್ಲ. ಅದಕ್ಕೆ ಒಂದನ್ನು ಡೈರಿ ನೋಡಿ ತುಂಬಿದ್ದೇನೆ. ಸಹಿ ಹಾಕಲು ಎದುರಿಗೆ ಯಾರೂ ಇರಲಿಲ್ಲ, ಆ ಜಾಗ ಖಾಲಿ ಬಿಟ್ಟಿದ್ದೇನೆ. ಕಡತಕ್ಕೆ ಬೇಡವಾದರೆ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ದಿನಾಂಕ ಮೇ 1999ರಿಂದ ಅಕ್ಟೋಬರ್ 2000. ಕುಡಿದವರು ಶಾಂತಪ್ಪ. ಹಿಡಿದವರು ಎಂಬಲ್ಲಿ ನನ್ನ ಹೆಸರು ಬರೆದೆ. ಎಷ್ಟು ಕುಡಿದರು ಎಂಬಲ್ಲಿ, ಕುಡಿಸಿದಷ್ಟು ಎಂದು ಬರೆದೆ. ಕೆಮ್ಮು ಇತ್ತು, ಮೂವತ್ತೆರಡು ದಿನ. ಎಷ್ಟು ಚೆಲ್ಲಿತು ಎನ್ನುವ ಕಾಲಂ ಬಹಳ ಹೊತ್ತು ಹಾಗೇ ಇತ್ತು. ಆಮೇಲೆ, ಚೆಲ್ಲಲು ನಾನು ಬಿಡಲಿಲ್ಲ ಎಂದು ಬರೆದೆ.

ಗಿರಿಜಾಬಾಯಿ